ಕಂಡ ಪಟವೂ ಏರಿದ ಬೆಟ್ಟವೂ

ಪ್ರಶ್ನೆ: ಇನ್‌ಸ್ಟಾಗ್ರಾಮಿನಲ್ಲಿ ಕಂಡು ಮನಸೋತ ಸ್ಥಳಕ್ಕೆ ಹೋದಾಗ ಮನಸ್ಸೇಕೆ ಪೆಚ್ಚಾಗುತ್ತದೆ?

ಉತ್ತರ: ಅದು ಸ್ಥಳದ ದೋಷವಲ್ಲವೆಂದೇ ನನ್ನ ದೃಢವಾದ ನಂಬಿಕೆ. ಮನುಷ್ಯನು ಅನ್ಯರೊಡನೆ ತೂಗಿನೋಡಿಯೇ ತನ್ನನ್ನು ಅಳೆದುಕೊಳ್ಳುವನೆಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಪ್ರತಿಪಾದಿಸಿದ್ದನು. ಇಂದು ಆ ತಕ್ಕಡಿಯ ಎದುರುತಟ್ಟೆಯಲ್ಲಿರುವುದು ನೆರೆಮನೆಯವರ ಯಾತ್ರೆಯ ಮಾತಲ್ಲ, ನೂರರಲ್ಲಿ ಆಯ್ದು ಬಣ್ಣವೇರಿಸಿದ ಒಂದೇ ಪಟ. ಪಟಕ್ಕೂ ನಿಜಕ್ಕೂ ಇರುವ ಅಂತರಕ್ಕೆ ನಿದರ್ಶನವೊಂದುಂಟು: 2024ರ ಜನವರಿಯಲ್ಲಿ ಪಶ್ಚಿಮಘಟ್ಟದ ಕುಮಾರಪರ್ವತಕ್ಕೆ ಸಹಸ್ರಾರು ಚಾರಣಿಗರು ಏಕಕಾಲಕ್ಕೆ ಧಾವಿಸಿ, ಕಾಡಿನ ಹಾದಿಯೇ ಜಾತ್ರೆಯಾಗಿ, ಆನ್‌ಲೈನ್ ನೋಂದಣಿಯಿಲ್ಲದ ಚಾರಣವನ್ನು ಸರ್ಕಾರವೇ ತಡೆಯಬೇಕಾಯಿತು. ಪಟದಲ್ಲಿ ಕಂಡಿದ್ದ ನಿರ್ಜನ ಶಿಖರವನ್ನು ಅರಸಿ ಬಂದವನಿಗೆ ಅಲ್ಲಿ ಕಂಡುದು ಮುಂದಿನವನ ಬೆನ್ನುಚೀಲವಾದರೆ ಮನಸ್ಸು ಮುದುಡದಿರುವುದೆಂತು? ಪಟವು ಸುಳ್ಳಲ್ಲ; ಆದರೆ ಏರುಹಾದಿಯ ಏದುಸಿರು, ಅಂಗೈಗೆ ತಾಕುವ ಬಂಡೆಯ ಕಾವು, ನಡುದಾರಿಯ ಭಟ್ಟರೊಬ್ಬರ ಮನೆಯಲ್ಲಿ ಹಸಿದು ಉಂಡ ಬಿಸಿಯನ್ನ, ಇವಾವುವೂ ಅದರಲ್ಲಿ ಮೂಡಲಾರವು.