ಚಂದ್ರನ ಹತ್ತಿರವಿದ್ದಾಗಲೇ ಹೊರಡಬೇಕು

ವಿಕ್ರಮ್ ಲ್ಯಾಂಡರನ್ನು ಕಳಚಿ ಬಿಟ್ಟ ಮೇಲೂ ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ ನೂರು ಕಿಲೋಗಿಂತ ಹೆಚ್ಚು ಇಂಧನ ಮಿಕ್ಕಿತ್ತು. ಅದನ್ನೇ ಬಳಸಿ ನೌಕೆಯನ್ನು ಭೂಮಿಯತ್ತ ಕರೆತರಲು ಇಸ್ರೋ ನಿರ್ಧರಿಸಿತು. 2023ರ ಅಕ್ಟೋಬರ್ 9ರಂದು ಎಂಜಿನ್ ಉರಿಸಿದಾಗ, ಚಂದ್ರನಿಂದ 150 ಕಿ.ಮೀ. ಎತ್ತರದಲ್ಲಿದ್ದ ಕಕ್ಷೆ ಒಂದು ಬದಿಗೆ 5,112 ಕಿ.ಮೀ.ವರೆಗೆ ಚಾಚಿಕೊಂಡಿತು. ಒಂದು ಸುತ್ತಿಗೆ 2.1 ಗಂಟೆ ಹಿಡಿಯುತ್ತಿದ್ದದ್ದು 7.2 ಗಂಟೆಯಾಯಿತು. ಚಂದ್ರನಿಂದ ಬಿಡಿಸಿ ಭೂಮಿಯತ್ತ ಒಯ್ಯುವ ಉರಿತ ನಡೆದದ್ದು 13ರಂದು.

ಇಂಥ ಉದ್ದನೆಯ ಕಕ್ಷೆಯಿಂದ ಹೊರಬೀಳಲು ಎಂಜಿನ್ ಎಲ್ಲಿ ಹೊತ್ತಿಸಬೇಕು? ದೂರದ ತುದಿಯಲ್ಲಿ ಚಂದ್ರನ ಹಿಡಿತ ಸಡಿಲ, ಅಲ್ಲೇ ನೂಕಿದರೆ ಸುಲಭ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಒಪ್ಪುವುದಿಲ್ಲ. ಆ ತುದಿಯಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 550 ಮೀಟರ್. ಚಂದ್ರನಿಗೆ ತೀರಾ ಹತ್ತಿರ ಬಂದಾಗ ಸುಮಾರು 2,000 ಮೀಟರ್. ಎರಡೂ ಕಡೆ ಒಂದೇ ಪ್ರಮಾಣದ ಇಂಧನ ಸುಟ್ಟು, ವೇಗಕ್ಕೆ 100 ಮೀಟರ್ ಕೂಡಿಸಿದೆವು ಎನ್ನಿ. ಚಲನಶಕ್ತಿ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ಹಾಗಾಗಿ 550ರಿಂದ 650ಕ್ಕೆ ಏರಿದಾಗ ಸಿಗುವುದಕ್ಕಿಂತ 2,000ದಿಂದ 2,100ಕ್ಕೆ ಏರಿದಾಗ ಸಿಗುವ ಶಕ್ತಿ ಮೂರು ಪಟ್ಟಿಗೂ ಮಿಗಿಲು.

ಈ ಹೆಚ್ಚುವರಿ ಶಕ್ತಿ ಶೂನ್ಯದಿಂದ ಬಂದದ್ದಲ್ಲ. ಟ್ಯಾಂಕಿನಲ್ಲಿರುವ ಇಂಧನವೂ ನೌಕೆಯ ಜತೆ ಅದೇ ವೇಗದಲ್ಲಿ ಓಡುತ್ತಿರುತ್ತದೆ. ವೇಗವಾಗಿದ್ದಾಗ ಸುಟ್ಟರೆ ಅದರ ಚಲನಶಕ್ತಿಯ ಒಂದು ಪಾಲು ನೌಕೆಗೆ ದಕ್ಕುತ್ತದೆ. ಉಗುಳಿದ ಅನಿಲ ಚಂದ್ರನ ಬಳಿಯೇ ಹಿಂದುಳಿಯುತ್ತದೆ. ಇದನ್ನು ವಿವರಿಸಿದ ಹರ್ಮನ್ ಓಬರ್ತ್ ಹೆಸರಿನಲ್ಲೇ ಇದು ಓಬರ್ತ್ ಪರಿಣಾಮ ಎನಿಸಿಕೊಂಡಿದೆ. ರಾಕೆಟ್ ವಿಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ಲೆಕ್ಕ ನನಗೆ ಇನ್ನೊಂದು ಕಂಡಿಲ್ಲ.

ಚಿಕ್ಕ ಎಂಜಿನ್ನಿಗೆ ಒಂದು ತೊಡಕಿದೆ. ಅದು ಬಹಳ ಹೊತ್ತು ಉರಿಯಬೇಕು. ಅಷ್ಟರಲ್ಲಿ ನೌಕೆ ಅನುಕೂಲದ ಜಾಗ ದಾಟಿ ಮೇಲೇರಿಬಿಡುತ್ತದೆ. ಉರಿತವನ್ನು ತುಂಡು ಮಾಡಿ, ಪ್ರತಿ ಸಲ ಕೆಳಗಿಳಿದಾಗ ಸ್ವಲ್ಪ ಸ್ವಲ್ಪ ಉರಿಸುವುದು ಇದಕ್ಕೇ.

ದಿಕ್ಕಿನ ಲೆಕ್ಕ ಬೇರೆ. ಚಂದ್ರ ಭೂಮಿಯ ಸುತ್ತ ಸೆಕೆಂಡಿಗೆ ಸುಮಾರು 1 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತಾನೆ. ಅವನು ಹೋಗುವ ದಿಕ್ಕಿನಲ್ಲೇ ಹೊರಬಿದ್ದರೆ ಭೂಮಿ ಇನ್ನೂ ದೂರವಾಗುತ್ತದೆ. ಆದ್ದರಿಂದ ಚಂದ್ರನ ಬೆನ್ನ ಕಡೆಗೆ ಹೊರಬಿದ್ದು ಆ ವೇಗವನ್ನು ಕಳೆದುಕೊಳ್ಳಬೇಕು. ಆಗ ನೌಕೆ ತಾನಾಗಿ ಭೂಮಿಯತ್ತ ಬೀಳುತ್ತದೆ. ಅಮೆರಿಕದ ಅಪೊಲೊ ನೌಕೆಗಳು ಚಂದ್ರನನ್ನು ಸುತ್ತುತ್ತಿದ್ದ ರೀತಿಯಿಂದಾಗಿ, ಚಂದ್ರ ಸಾಗುವ ದಿಕ್ಕಿಗೆ ಎದುರಾಗಿ ಅವು ಓಡುತ್ತಿದ್ದದ್ದು ಭೂಮಿಗೆ ಕಾಣದ ಮಗ್ಗುಲಲ್ಲಿ. 1968ರ ಡಿಸೆಂಬರ್ 25ರಂದು ಅಪೊಲೊ 8ರ ಎಂಜಿನ್ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಉರಿದದ್ದು ಅಲ್ಲೇ, ರೇಡಿಯೊ ಸಂಪರ್ಕವೇ ಇಲ್ಲದ ಕಡೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದು ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರಕ್ಕೆ ಗೊತ್ತಾದದ್ದು ನೌಕೆ ಚಂದ್ರನ ಮರೆಯಿಂದ ಈಚೆಗೆ ಬಂದ ಮೇಲೆಯೇ.