ಹಾಸಿಗೆ ಪಕ್ಕದವರನ್ನು ಯಾರು ಕೇಳಿದರು?

ಮೂವತ್ತಾರು ವರ್ಷಗಳಲ್ಲಿ ಅರುಣಾ ಶಾನಭಾಗ್ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿರಲಿಲ್ಲ. 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ದಾಖಲಾದ ಈ ಸಂಗತಿಯನ್ನು ಕಾನೂನು ಓದುವವರು ದಾಟಿ ಮುಂದೆ ಹೋಗುತ್ತಾರೆ. ವಾರ್ಡಿನಲ್ಲಿ ದುಡಿದವರು ಅಲ್ಲೇ ನಿಲ್ಲುತ್ತಾರೆ. ತಾನಾಗಿ ಹೊರಳಲಾಗದ ದೇಹದ ಮಗ್ಗುಲನ್ನು ಎರಡು ಗಂಟೆಗೊಮ್ಮೆಯಾದರೂ ಬದಲಿಸಬೇಕು, ಹಬ್ಬದ ರಾತ್ರಿಯಲ್ಲೂ.

ಹೊನ್ನಾವರದ ಹತ್ತಿರದ ಹಳದೀಪುರದ ಹುಡುಗಿ ಅರುಣಾ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ಸ್ವೀಪರ್ ಒಬ್ಬ ನಾಯಿ ಸರಪಳಿಯಿಂದ ಅವರ ಕತ್ತು ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿತು. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೂ ಅವರು ಆ ಹಾಸಿಗೆ ಬಿಟ್ಟೇಳಲಿಲ್ಲ. ಜೊತೆಗೆ ಕೆಲಸ ಮಾಡಿದವರು ನಿವೃತ್ತರಾದರು, ಆಗಿನ್ನೂ ಹುಟ್ಟಿರದವರು ಡ್ಯೂಟಿಗೆ ಬಂದರು. ಮೀನು, ಕೋಳಿ ಸೂಪ್ ಕೊಟ್ಟರೆ ಮುಖ ಅರಳುತ್ತದೆ ಎಂಬುದು ಉಣಿಸಿದ ಕೈಗಳಿಗೆ ಗೊತ್ತಿತ್ತು.

ಅವರಿಗೆ ನೆಮ್ಮದಿಯ ಸಾವು ಸಿಗಲಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದಾಗ ಕೆಇಎಂ ಸಿಬ್ಬಂದಿ ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಅರ್ಜಿ ವಜಾ ಆಯಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಗೇ ಸೇರಿದ್ದು ಎಂದಿತು ಕೋರ್ಟ್. ಅವತ್ತು ನರ್ಸ್‌ಗಳು ಸಿಹಿ ಹಂಚಿದರು. ಆ ಸುದ್ದಿ ನನಗೆ ಇವತ್ತಿಗೂ ಇರುಸುಮುರುಸು. ಗೆದ್ದಿದ್ದು ಅರುಣಾಳೋ, ಅವಳ ಮೇಲಿನ ಅಕ್ಕರೆಯೋ? ಆದರೆ ಬದುಕು ಸಾವಿನ ತೀರ್ಮಾನದಲ್ಲಿ ನಮ್ಮ ದೇಶ ನರ್ಸ್‌ಗಳ ಮಾತಿಗೆ ಇಷ್ಟು ತೂಕ ಕೊಟ್ಟ ಇನ್ನೊಂದು ಸಂದರ್ಭ ನನಗೆ ಹೊಳೆಯುತ್ತಿಲ್ಲ.

ಏಕೆಂದರೆ ಆಮೇಲೆ ಬಂದ ನಿಯಮಗಳಲ್ಲಿ ಅವರಿಗೆ ಜಾಗವೇ ಇಲ್ಲ. ಗುಣವಾಗುವ ಭರವಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟಿತು, 2023ರಲ್ಲಿ ಅದನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸಬಹುದೇ ಎಂದು ತೀರ್ಮಾನಿಸಲು ಎರಡು ಮಂಡಳಿಗಳು, ತಲಾ ಮೂವರು ಸದಸ್ಯರು, ಎಲ್ಲರೂ ವೈದ್ಯರು. ಮನೆಯವರ ಒಪ್ಪಿಗೆಯೂ ಬೇಕು, ಸರಿ. ಹನ್ನೆರಡು ಗಂಟೆ ರೋಗಿಯ ಪಕ್ಕದಲ್ಲೇ ಇರುವವಳ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ.

ಅವಳು ಮಾಡುವುದೇನು? ವೆಂಟಿಲೇಟರ್ ಉಸಿರು ಕೊಡುತ್ತದೆ, ಉಳಿದದ್ದೆಲ್ಲ ಅವಳ ಪಾಲಿಗೆ. ಮುಚ್ಚದ ಕಣ್ಣು ಒಣಗದಂತೆ ಮುಲಾಮು ಹಚ್ಚಬೇಕು, ಬಾಯಿ ಒರೆಸಬೇಕು, ಟ್ಯೂಬಿನೊಳಗೆ ಸಕ್ಷನ್ ನಳಿಕೆ ಇಳಿಸಿ ಕಫ ಎಳೆಯಬೇಕು. ನಳಿಕೆ ಒಳಗೆ ತಾಗಿದಾಗ, ಮಾತಿಗೆ ಓಗೊಡದ ದೇಹವೂ ಒಮ್ಮೆ ಬೆಚ್ಚಿದಂತೆ ಎಗರುತ್ತದೆ. ‘ಆಯ್ತು ಅಜ್ಜಾ, ಮುಗೀತು, ಮುಗೀತು’ ಎನ್ನುತ್ತಾಳೆ. ಕೇಳಿಸುತ್ತದೋ ಇಲ್ಲವೋ, ಮಾತಾಡದೆ ಮಾಡಲು ಮನಸ್ಸು ಬರುವುದಿಲ್ಲ. ಚೇತರಿಸಿಕೊಳ್ಳುವ ರೋಗಿಗೆ ಇದನ್ನೆಲ್ಲ ಮಾಡುವಾಗ ಏನೂ ಅನ್ನಿಸದು. ಇನ್ನು ಎದ್ದು ಬರುವುದಿಲ್ಲ ಎಂದು ಖಚಿತವಾದ ಮೇಲೂ ಮೂಗೇಟಾದ ತೋಳಿಗೆ ಮತ್ತೆ ಸೂಜಿ ಚುಚ್ಚಬೇಕಾದಾಗ ಕೈ ಹಿಂಜರಿಯುತ್ತದೆ. ಆದರೂ ಚುಚ್ಚುತ್ತಾಳೆ. ಆರ್ಡರ್ ಇದೆಯಲ್ಲ.

ಹೆಚ್ಚು ಕಷ್ಟದ್ದು ಬಾಗಿಲ ಹೊರಗಿದೆ. ರೌಂಡ್ಸ್ ಮುಗಿಸಿ ಡಾಕ್ಟರ್ ಹೋದ ಮೇಲೆ, ಚಾಪೆ ಹಾಸಿಕೊಂಡು ಕಾರಿಡಾರಿನಲ್ಲಿ ಕೂತ ಮಗ ಎದ್ದು ಬರುತ್ತಾನೆ. ‘ನಿಜ ಹೇಳಿ ಸಿಸ್ಟರ್, ಉಳೀತಾರಾ? ಊರಲ್ಲಿ ಹೊಲ ಮಾರೋ ಮಾತಾಗ್ತಿದೆ.’ ಅವಳಿಗೆ ಗೊತ್ತು, ಹೇಳುವಂತಿಲ್ಲ. ‘ಡಾಕ್ಟರ್‌ನ ಕೇಳಿ’ ಎಂದು ಒಳಗೆ ಬರುತ್ತಾಳೆ. ಆ ಹೊಲ ಮಾರಾಟವಾಯಿತೇ ಎಂದು ಅವಳಿಗೆ ಯಾರೂ ಬಂದು ಹೇಳುವುದಿಲ್ಲ.

ಚಿಕಿತ್ಸೆ ನಿಲ್ಲಿಸುವ ತೀರ್ಮಾನವಾದಾಗಲೂ ಮಾನಿಟರಿನ ಕೂಗು ನಿಲ್ಲಿಸುವುದು, ಉಸಿರು ಕಟ್ಟಿದಂತಾಗದಿರಲಿ ಎಂದು ಬರೆದುಕೊಟ್ಟ ಮಾರ್ಫಿನ್ ಕೊಡುವುದು, ಆಮೇಲೆ ಮೈ ಒರೆಸಿ ತಲೆ ಬಾಚುವುದು ಅವಳೇ. ಅಳಲು ಬಿಡುವಿಲ್ಲ, ಕ್ಯಾಷುವಾಲ್ಟಿಯಿಂದ ಫೋನ್: ‘ಬೆಡ್ ಖಾಲಿ ಆಯ್ತಾ?’

ಮಂಡಳಿಯಲ್ಲಿ ಒಬ್ಬ ನರ್ಸ್ ಇದ್ದರೆ ತೀರ್ಮಾನ ಸಲೀಸಾಗುತ್ತದೆ ಎಂದೇನಲ್ಲ. ಕೆಇಎಂನವರು ಬಿಟ್ಟುಕೊಡಲಿಲ್ಲ, ಇನ್ನೊಂದು ಐಸಿಯುವಿನವರು ‘ಸಾಕು, ಹಿಂಸೆ ಬೇಡ’ ಎಂದಾರು. ಯಾವುದನ್ನೇ ಹೇಳಲಿ, ನಿನ್ನೆ ರಾತ್ರಿ ಮೂರು ಗಂಟೆಗೆ ಆ ದೇಹ ಹೇಗಿತ್ತು ಎಂದು ನೋಡಿದವರ ಮಾತು ಕಡತಕ್ಕೆ ಸೇರುತ್ತದೆ. ಆದೇಶ ಇನ್ನೂ ಹೊಸದು, ತಿದ್ದಲು ಅಡ್ಡಿಯೇನೂ ಕಾಣುತ್ತಿಲ್ಲ.