ಹಳೆ ರೇಸ್ ಸೈಕಲ್, ಹೊಸ ನಕಲು

ಪ್ರಶ್ನೆ: ಹಳೆಯ ಸ್ಟೀಲ್ ರೇಸ್ ಸೈಕಲ್‌ಗಳ ಮಾದರಿಯಲ್ಲಿ ಈಗ ಬರುವವು ಅಸಲಿಗೆ ಸಾಟಿಯೇ?
(ಖೂಬಾ ಪ್ಲಾಟ್, ಕಲಬುರಗಿ)

ಉತ್ತರ: ಅದನ್ನು ಹೇಳುವುದು ಬಣ್ಣವಲ್ಲ, ಕೊಳವೆ. ಇಟಲಿಯ ಕೊಲಂಬಸ್ ಎಸ್‌ಎಲ್ ಕೊಳವೆಯ ದಪ್ಪ ತುದಿಯಲ್ಲಿ 0.9 ಮಿ.ಮೀ., ನಡುವೆ 0.6, ಉಗುರಿನಿಂದ ತಟ್ಟಿದರೆ ನಡುಭಾಗದ ದನಿಯೇ ಬೇರೆ. ಸಂದುಗಳಿಗೆ ಲಗ್ ಎಂಬ ಲೋಹದ ಕವಚ ತೊಡಿಸಿ ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಬಿಯಾಂಕಿ ಕಂಪನಿ ತಂದ ಹಳೆ ಮಾದರಿಯ ಸೈಕಲ್ ‘ಲೆರೋಯಿಕಾ’ ಇದೇ ಲಗ್ ಪದ್ಧತಿಯದು. 1997ರಲ್ಲಿ ಟಸ್ಕನಿಯಲ್ಲಿ ಶುರುವಾದ, 1987ಕ್ಕಿಂತ ಹಳೆಯ ಸೈಕಲ್‌ಗಳ ಸವಾರಿಯ ಹೆಸರೇ ಅದಕ್ಕಿದೆ. ಅಗ್ಗದ ನಕಲುಗಳದು ಉದ್ದಕ್ಕೂ ಒಂದೇ ದಪ್ಪದ ಸಾದಾ ಕೊಳವೆ: ನೋಟ ರೇಸಿನದು, ತೂಕ ಹಾಲಿನವನ ಸೈಕಲ್ಲಿನದು! ಬ್ರೇಕು, ಟೈರುಗಳಲ್ಲಿ ಮಾತ್ರ ಹೊಸದೇ ಮೇಲು. ಕಲಬುರಗಿಯಿಂದ ಕಮಲಾಪುರಕ್ಕೆ ತುಳಿಯುವವರಿಗೆ ಹಳೆಯದರ ಕಿರಿಕಿರಿ ಇನ್ನೊಂದು: ಗೇರ್ ಬದಲಿಸಲು ಹ್ಯಾಂಡಲ್ ಬಿಟ್ಟು ಕೆಳಗಿನ ಕೊಳವೆಗೆ ಕೈ ಚಾಚಬೇಕು.